ಹಿತ್ತಾಳೆ ಅಕ್ಷರದ ಪೆಟ್ಟಿಗೆ

ಕಾನೂನು ಕಾಲೇಜಿನಿಂದ ಬೈಂಡಿಂಗಿಗೆ ಬಂದ ಇಪ್ಪತ್ತೆರಡು ಪುಸ್ತಕಗಳಲ್ಲಿ ಏಳು ಒಂದೇ ಜಾತಿಯವು ಎಂದು ಮೊದಲು ಕಂಡುಕೊಂಡವಳು ದಬ್ಬಳ. ಏಳರಲ್ಲೂ ಯಾರೋ ಒಬ್ಬ ಮಾಡದ ತಪ್ಪಿಗೆ ಜೈಲಿಗೆ ಹೋಗಿರುತ್ತಾನೆ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಇನ್ನಾರೋ ಹಳೆಯ ಕಡತ ತೆಗೆದು, ಧೂಳು ಕೊಡವಿ, ಅಯ್ಯೋ ಇವನಲ್ಲವಲ್ಲ ಎನ್ನುತ್ತಾರೆ. ಕಟ್ಟುಕಥೆಯಲ್ಲ, ನಡೆದದ್ದು. ಹಿಂದಿನ ಪುಟಗಳಲ್ಲಿ ತಾರೀಖು, ಸಾಕ್ಷಿಗಳ ಹೇಳಿಕೆ, ಎಲ್ಲ ಅಚ್ಚಾಗಿತ್ತು.

ದಬ್ಬಳ ಎಂದರೆ ಬೈಂಡರನ ಮಗಳು, ಇಪ್ಪತ್ತೈದರವಳು. ಹುಟ್ಟಿದಾಗ ಇಟ್ಟ ಹೆಸರು ಏಳನೇ ತರಗತಿಯ ಹಾಜರಿ ಪುಸ್ತಕದಲ್ಲೇ ಉಳಿದುಹೋಗಿತ್ತು. ಪುಸ್ತಕ ಹೊಲಿಯುವ ದಪ್ಪ ಸೂಜಿಯ ಹೆಸರನ್ನು ಅವಳಿಗೆ ಅಂಟಿಸಿದವಳು ಅಜ್ಜಿ. ಉದ್ದಕ್ಕೆ, ತೆಳ್ಳಗೆ ಇದ್ದಾಳೆ, ಬಾಯಿ ತೆರೆದರೆ ಚುಚ್ಚುತ್ತಾಳೆ ಎಂಬುದು ಕಾರಣ.

ಮನೆಯ ಮುಂದಿನ ಕೋಣೆಯೇ ಬೈಂಡಿಂಗ್ ಅಂಗಡಿ. ಕಿಟಕಿಯ ಬಳಿ ಕತ್ತರಿಸುವ ಯಂತ್ರ, ಮೂಲೆಯಲ್ಲಿ ಕಬ್ಬಿಣದ ಪ್ರೆಸ್ಸು, ಗೋಡೆಗೆ ಒರಗಿಸಿದ ರಟ್ಟಿನ ಹಾಳೆಗಳು, ರಟ್ಟಿನ ಪಕ್ಕ ಅಜ್ಜಿಯ ಮಂಚ. ಕದ ಕಳೆದುಕೊಂಡ ಬಾಗಿಲಿಗೆ ಬೈಂಡಿಂಗ್ ಬಟ್ಟೆಯ ಪರದೆ, ಅದರಾಚೆ ಅಡುಗೆಮನೆ. ಅನ್ನದಲ್ಲೂ ಗೋಂದಿನ ವಾಸನೆ ಇರುತ್ತಿತ್ತು. ಯಾರೂ ಅದನ್ನು ವಾಸನೆ ಎಂದು ಎಣಿಸುತ್ತಿರಲಿಲ್ಲ.

ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳ ಕಟ್ಟು. ಒಂದೊಂದು ಮಡಿಕೆಗೆ ಫಾರಂ ಎನ್ನುತ್ತಾರೆ. ದಬ್ಬಳ ಹಳೆಯ ದಾರ ಕತ್ತರಿಸಿ, ಒಣಗಿದ ಗೋಂದು ಕೆರೆದು, ಫಾರಂಗಳನ್ನು ಹಿಂದಿನಿಂದ ಒಂದೊಂದಾಗಿ ಬಿಡಿಸುತ್ತಿದ್ದಳು, ಬಿಡಿಸಿದ್ದನ್ನು ಓದುತ್ತಿದ್ದಳು. ಹಾಗಾಗಿ ಅವಳ ಓದಿನಲ್ಲಿ ಮನುಷ್ಯ ಮೊದಲು ಬಿಡುಗಡೆಯಾಗುತ್ತಿದ್ದ, ಆಮೇಲೆ ಅವನಿಗೆ ಶಿಕ್ಷೆಯಾಗುತ್ತಿತ್ತು, ಕೊನೆಗೆ ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದರು.

"ಅವರು ಕೊಟ್ಟಿರೋದು ಹೊಲಿಯೋಕೆ, ಓದೋಕಲ್ಲ," ಎಂದ ಬೈಂಡರ್ ಯಂತ್ರದ ಹಿಡಿ ತಿರುಗಿಸುತ್ತ.

"ಹೊಲಿಯೋ ಬಟ್ಟೇನ ದರ್ಜಿ ನೋಡಲ್ವಾ ಅಪ್ಪ?"

"ನೋಡ್ತಾನೆ. ತೊಟ್ಟುಕೊಳ್ಳಲ್ಲ."

ಆದರೆ ಬೈಂಡರನ ಮಾತು ಅವನ ತಾಯಿಯ ಮುಂದೆ ನಡೆಯುತ್ತಿರಲಿಲ್ಲ. ಅಜ್ಜಿಗೆ ಕಣ್ಣು ಮಂಜಾಗಿ ಆರು ವರ್ಷ. ಕೈ ಮಾತ್ರ ಇನ್ನೂ ಅಂಗಡಿಯದೇ. ಮಂಚದ ಮೇಲೆ ಕೂತು ಮೂಳೆಯ ಪಟ್ಟಿಯಿಂದ ಹಾಳೆ ಮಡಿಸಿದರೆ ಅಂಚಿಗೆ ಅಂಚು ಕೂಡುತ್ತಿತ್ತು. ಮಧ್ಯಾಹ್ನ ಊಟವಾಗಿ ಗೋಂದು ಒಣಗುವವರೆಗೆ ದಬ್ಬಳ ಗಟ್ಟಿಯಾಗಿ ಓದಬೇಕು, ಅಜ್ಜಿ ಕೇಳುತ್ತ ಮಡಿಸಬೇಕು. ಅಜ್ಜಿಗೆ ಕಳ್ಳತನ, ಕೊಲೆ ಎಂದರೆ ಕಿವಿ ನೆಟ್ಟಗಾಗುತ್ತಿದ್ದವು.

ಮೊದಲನೆಯ ಪುಸ್ತಕದಲ್ಲಿ ಬೇಕರಿಯ ಕೂಲಿಯೊಬ್ಬ ದರೋಡೆಯ ಕೇಸಿನಲ್ಲಿ ಹದಿನಾಲ್ಕು ವರ್ಷ ಒಳಗಿದ್ದು ಹೊರಬಂದ. ಅಜ್ಜಿ ಮೂಳೆಪಟ್ಟಿ ಕೆಳಗಿಟ್ಟಳು.

"ಹಾಗಾದ್ರೆ ಕಳ್ಳ ಯಾರು?"

"ಅದು ಗೊತ್ತಾಗ್ಲಿಲ್ಲ ಅಜ್ಜಿ. ಇವನಲ್ಲ ಅಂತ ಮಾತ್ರ ಗೊತ್ತಾಯ್ತು."

"ಮತ್ತೆ ಇವನನ್ನ ಯಾಕೆ ಬಿಟ್ಟರು?"

"ಇವನಲ್ಲ ಅಂತ ಗೊತ್ತಾಯ್ತಲ್ಲ."

"ಇನ್ನೊಬ್ಬ ಸಿಗೋವರೆಗೂ ಇಟ್ಕೋಬೇಕಿತ್ತು. ಯಾರೂ ಮಾಡ್ಲಿಲ್ಲ ಅಂದ್ರೆ ಕೆಲಸ ಆಗಿದ್ದು ಹೇಗೆ?"

ದಬ್ಬಳ ನಕ್ಕಳು. ಪರದೆಯಾಚೆ ಅಮ್ಮ ಪಾತ್ರೆ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಆ ಮನೆಯಲ್ಲೂ ಒಂದು ಕೇಸಿತ್ತು. ಹತ್ತೊಂಬತ್ತು ವರ್ಷದ ಹಿಂದಿನದು. ಅಜ್ಜ ಮಾಡಿಸಿಟ್ಟಿದ್ದ ಹಿತ್ತಾಳೆ ಅಕ್ಷರಗಳ ಪೆಟ್ಟಿಗೆ ಆ ಅಂಗಡಿಯ ಕಿರೀಟ. ಅಕ್ಷರಗಳನ್ನು ಕಾಯಿಸಿ ಪುಸ್ತಕದ ಬೆನ್ನಿನ ಮೇಲೆ ಚಿನ್ನದ ರೇಕಿನಿಂದ ಒತ್ತಿದರೆ ಹೆಸರು ಮೂವತ್ತು ವರ್ಷ ಮಾಸುತ್ತಿರಲಿಲ್ಲ. ಅದನ್ನು ಒತ್ತುತ್ತಿದ್ದವನು ಅಮ್ಮನ ತಮ್ಮ. ಅಕ್ಕನ ಮನೆಯಲ್ಲೇ ಉಂಡು, ಅಂಗಡಿಯಲ್ಲೇ ಮಲಗಿ ಕೆಲಸ ಮಾಡುತ್ತಿದ್ದ. ಒಂದು ದಿನ ಪೆಟ್ಟಿಗೆ ಕಾಣೆಯಾಯಿತು. ಆ ಹೊತ್ತು ಅಂಗಡಿಯಲ್ಲಿ ಇದ್ದದ್ದು ಆರು ವರ್ಷದ ದಬ್ಬಳ ಒಬ್ಬಳೇ. ಕೇಳಿದ್ದಕ್ಕೆ ಮಗು ಹೇಳಿತು: ಮಾವ ತಗೊಂಡು ಹೋದರು. ಬೈಂಡರ್ ದೂರು ಕೊಟ್ಟ. ಪೊಲೀಸರು ಮಾವನನ್ನು ಕರೆದೊಯ್ದರು, ಮೂರನೆಯ ದಿನ ಅವನು ಒಪ್ಪಿಕೊಂಡ, ಆರು ತಿಂಗಳು ಜೈಲಾಯಿತು. ಪೆಟ್ಟಿಗೆ ಸಿಗಲಿಲ್ಲ, ಮಾವ ಮತ್ತೆ ಹೊಸಿಲು ತುಳಿಯಲಿಲ್ಲ. ಅಂದಿನಿಂದ ಅಂಗಡಿಯವರು ಚಿನ್ನದ ಅಕ್ಷರ ಬಿಟ್ಟು ಕಾಗದದ ಚೀಟಿ ಅಂಟಿಸುತ್ತ ಬಂದರು. ಮನೆಯಲ್ಲಿ ಯಾವ ಜಗಳವೂ ಅಲ್ಲಿಗೆ ಹೋಗುತ್ತಿರಲಿಲ್ಲ; ಹೋದರೆ ಒಂದೇ ಮಾತು: "ಅವನೇ ಒಪ್ಪಿಕೊಂಡನಲ್ಲ."

ಎರಡನೆಯ ವಾರ ನಾಲ್ಕನೆಯ ಪುಸ್ತಕ ಬಿಚ್ಚಿದಳು. ಅದರ ಒಂಬತ್ತನೆಯ ಫಾರಮಿನಲ್ಲಿ ಒಂದು ಮಗುವಿನ ಸಾಕ್ಷಿ ಇತ್ತು. ಅಧಿಕಾರಿ ಅದೇ ಪ್ರಶ್ನೆಯನ್ನು ಹನ್ನೊಂದು ಸಲ ಕೇಳಿದ್ದ. ಪುಸ್ತಕ ಬರೆದವರು ಹನ್ನೊಂದು ಉತ್ತರಗಳನ್ನೂ ಕೆಳಗೆ ಕೆಳಗೆ ಕೊಟ್ಟಿದ್ದರು. ಹನ್ನೊಂದನೆಯದರಲ್ಲಿ ಅಂಗಿಯ ಬಣ್ಣ, ಮೀಸೆ, ಕೈಚೀಲ, ಹೋದ ದಿಕ್ಕು ಎಲ್ಲ ಇತ್ತು. ಮೊದಲನೆಯದರಲ್ಲಿ ಒಂದೇ ಒಂದು ಪದ. ಆಮೇಲಿನ ಹತ್ತು ಉತ್ತರಗಳನ್ನು ಮಗುವಿಗೆ ದೊಡ್ಡವರು ಒಂದೊಂದೇ ತುತ್ತಾಗಿ ತಿನ್ನಿಸಿದ್ದರು.

ದಬ್ಬಳ ಆ ಫಾರಂ ಓದಿ ಹೇಳಲಿಲ್ಲ.

"ಯಾಕೆ ನಿಲ್ಲಿಸಿದೆ?" ಎಂದಳು ಅಜ್ಜಿ.

"ಗಂಟಲು ಒಣಗ್ತು."

"ನಿನ್ನ ಗಂಟಲಾ? ನೀರು ಕುಡಿದು ಬಾ ಹೋಗು."

ಅವಳು ಒಳಗೆ ಹೋದಳು. ಅಮ್ಮ ನೆಲದ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ದಬ್ಬಳ ನೀರು ಕುಡಿದಳು, ಎದುರಿಗೆ ಕೂತಳು, ಒಂದು ಆಲೂಗಡ್ಡೆ ತೆಗೆದುಕೊಂಡಳು.

"ಅಮ್ಮ, ಮಾವ ಆವತ್ತು ಕಂದು ಅಂಗಿ ಹಾಕಿದ್ದರಲ್ವಾ? ಪೆಟ್ಟಿಗೆ ಕಂಕುಳಲ್ಲಿ ಇಟ್ಕೊಂಡು ಹೋಗಿದ್ದು ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ."

ಅಮ್ಮ ಚಾಕು ನಿಲ್ಲಿಸಲಿಲ್ಲ. "ಅವನ ಹತ್ರ ಇದ್ದದ್ದೇ ಎರಡು ಅಂಗಿ. ಎರಡೂ ನೀಲಿ."

"ಮತ್ತೆ ಕಂದು ಅಂಗಿ?"

"ನಿಮ್ಮತ್ತೆ ಹೇಳಿಕೊಟ್ಟದ್ದು. ಹೇಳು ಪುಟ್ಟಾ, ಯಾವ ಅಂಗಿ, ಕಂದು ಬಣ್ಣದ್ದಾ ಅಂದಳು. ನೀನು ಹೂಂ ಅಂದೆ. ಮಿಠಾಯಿ ಬೇಕಾ ಅಂತ ಕೇಳಿದ್ದರೂ ಹೂಂ ಅಂತಿದ್ದೆ."

ಅತ್ತೆ ಎಂದರೆ ಬೈಂಡರನ ತಂಗಿ. ಅವಳ ಗಂಡ ಈಗ ಕಾಗದದ ಸಾಹುಕಾರ; ಅಂಗಡಿಗೆ ಬರುವ ರಟ್ಟು, ದಾರ, ಬಟ್ಟೆ ಅವರದೇ, ಕಾಲೇಜಿನ ಈ ಕೆಲಸವೂ ಅವರು ಕೊಡಿಸಿದ್ದೇ. ಹತ್ತೊಂಬತ್ತು ವರ್ಷದ ಹಿಂದೆ ಅವರು ರದ್ದಿ ಕೊಂಡು ಮಾರುತ್ತಿದ್ದರು.

"ನಾನು ಮೊದಲು ಏನಂದೆ ಅಮ್ಮ? ಮೊಟ್ಟಮೊದಲು?"

"'ಮಾವ' ಅಂದೆ."

"ಅಷ್ಟೇನಾ?"

"ಅಷ್ಟೇ. ಮಿಕ್ಕಿದ್ದೆಲ್ಲ ಇವರು ಸೇರಿಸಿದ್ದು." ಅಮ್ಮ ಸಿಪ್ಪೆಯನ್ನು ಕಾಗದದ ಮೇಲೆ ಗುಡ್ಡೆ ಮಾಡಿದಳು. "ನೀನು ನನ್ನ ತಮ್ಮನನ್ನ ಒಂದು ದಿನವೂ ಮಾವ ಅಂದವಳಲ್ಲ. ಅವನ ಕೈ ಯಾವಾಗಲೂ ಅಂಟು ಅಂತ ಗೋಂದು ಅಂತಿದ್ದೆ. ಗೋಂದು ಬಂದ, ಗೋಂದು ಹೋದ, ಗೋಂದು ಎತ್ತಿಕೋ."

ಮಗಳ ಕೈಯ ಆಲೂಗಡ್ಡೆ ಹಾಗೇ ಉಳಿಯಿತು.

"ಆವತ್ತು ಮನೇಲಿ ಮಾವ ಅಂತ ನೀನು ಕರೀತಿದ್ದದ್ದು ಒಬ್ಬರನ್ನೇ," ಎಂದಳು ಅಮ್ಮ. "ನಿಮ್ಮತ್ತೆ ಗಂಡನ್ನ. ಅವರೂ ಬಂದಿದ್ದರು ಆವತ್ತು, ಊಟಕ್ಕೆ."

"ಯಾರೂ ಕೇಳ್ಲಿಲ್ವಾ, ಯಾವ ಮಾವ ಅಂತ?"

"ಯಾರು ಕೇಳ್ತಾರೆ? ಕೇಳಿದ್ರೆ ಉತ್ತರ ಬರುತ್ತಲ್ಲ."

"ನೀನು? ನೀನೂ ಕೇಳ್ಲಿಲ್ಲ."

ಚಾಕು ಈಗ ನಿಂತಿತು. "ನಾನು ಬಾಯಿ ತೆರೆದರೆ ತಮ್ಮನ ಪರ ಅಂತಾರೆ. ನಿಮ್ಮಜ್ಜಿಗೆ ಮಗಳ ಬಾಳು, ನಿಮ್ಮಪ್ಪನಿಗೆ ತಂಗಿ ಗಂಡ. ನನ್ನ ತಮ್ಮನಿಗೆ ಯಾರು? ಅವನು ಒಂಟಿ, ಹೋದರೆ ಹೋದ. ಅಷ್ಟರಲ್ಲಿ ಅವನೇ ಒಪ್ಪಿಕೊಂಡ ಅಂತ ಬಂತು. ಸುಮ್ಮನಾದೆ."

"ಹತ್ತೊಂಬತ್ತು ವರ್ಷ ಸುಮ್ಮನಾದೆ."

"ಹೌದು. ದಿನಾ ಅನ್ನ ಬೇಯಿಸಿ ಸುಮ್ಮನಾದೆ. ಕೊಡು ಇಲ್ಲಿ, ಒಂದು ಆಲೂಗಡ್ಡೆಗೆ ಇಷ್ಟು ಹೊತ್ತಾ?"

ಮರುದಿನ ಸಂಜೆ ಚಹಾ ಕುಡಿಯುವಾಗ ದಬ್ಬಳ ಮಾತು ಎತ್ತಿದಳು. ಬೈಂಡರ್ ಮೊದಲು ನಕ್ಕ, ಆಮೇಲೆ ಲೋಟ ಕೆಳಗಿಟ್ಟ.

"ಏಳು ಪುಸ್ತಕ ಓದಿ ವಕೀಲಳಾದೆಯಾ?"

"ನಾಲ್ಕೇ ಓದಿರೋದು. ಇನ್ನೂ ಮೂರಿದೆ."

"ಅವನು ಒಪ್ಪಿಕೊಂಡಿದ್ದಾನೆ. ಸಹಿ ಹಾಕಿದ್ದಾನೆ. ನನ್ನ ಕಣ್ಣಾರೆ ನೋಡಿದ್ದೀನಿ."

"ಎರಡನೇ ಪುಸ್ತಕದಲ್ಲಿ ಒಬ್ಬ ಕೊಲೆ ಮಾಡಿದೆ ಅಂತಲೇ ಒಪ್ಪಿಕೊಂಡಿದ್ದ ಅಪ್ಪ. ಕೊಲೆ ಆದ ಹೊತ್ತಲ್ಲಿ ಅವನು ಆಸ್ಪತ್ರೇಲಿ ಮಲಗಿದ್ದ."

"ಅದು ಯಾವುದೋ ದೇಶದ್ದು."

"ಲಾಠಿ ಎಲ್ಲಾ ದೇಶದಲ್ಲೂ ಒಂದೇ ಮರದ್ದು."

"ನೋಡಿದ್ರಾ ಇವಳ ಬಾಯಿ," ಎಂದ ಬೈಂಡರ್ ತಾಯಿಯ ಕಡೆ ತಿರುಗಿ. ಅಜ್ಜಿ ಮೂಳೆಪಟ್ಟಿ ಎತ್ತಿಕೊಂಡು ಹಾಳೆ ಮಡಿಸತೊಡಗಿದಳು. ಎರಡು ದಿನದಿಂದ ಅವಳು 'ಕಳ್ಳ ಯಾರು' ಎಂದು ಕೇಳುವುದನ್ನು ನಿಲ್ಲಿಸಿದ್ದಳು.

"ನಾನೇ ಸಾಕ್ಷಿ ಅಲ್ವಾ ಅಪ್ಪ? ಸಾಕ್ಷಿ ಹೇಳ್ತಿದ್ದೀನಿ ಕೇಳು. ನಂಗೆ ಏನೂ ನೆನಪಿಲ್ಲ. ನೀವು ಹೇಳಿದ್ದು ನೆನಪಿದೆ ಅಷ್ಟೇ."

"ಹಾಗಂತ ಭಾವನ ಮೇಲೆ ಹೊರಿಸ್ತೀಯಾ? ಅವರ ರಟ್ಟಿನಿಂದ ಈ ಮನೆ ನಡೀತಿದೆ."

"ಅವರೇ ತಗೊಂಡ್ರು ಅಂತ ನಾನು ಹೇಳಲ್ಲ. ಅದೂ ನಂಗೆ ಗೊತ್ತಿಲ್ಲ. ಗೋಂದು ತಗೊಂಡ ಅಂತ ನಾನು ಹೇಳ್ಲಿಲ್ಲ, ಅದಷ್ಟು ಗೊತ್ತು. ಅವನನ್ನ ಕರೆದು, ನಾವು ತಪ್ಪು ಮಾಡಿದೆವು ಅನ್ನು. ಅಷ್ಟೇ."

"ನಾನಾ?"

"ದೂರು ಬರೆದುಕೊಟ್ಟದ್ದು ಯಾರು?"

ಬೈಂಡರ್ ಎದ್ದು ಕತ್ತರಿಸುವ ಯಂತ್ರದ ಬಳಿ ಹೋದ. ಕತ್ತರಿಸಲು ಏನೂ ಇರಲಿಲ್ಲ. ಸುಮ್ಮನೆ ರದ್ದಿ ಕಾಗದ ಇಟ್ಟು ಹಿಡಿ ತಿರುಗಿಸಿದ. "ಇವತ್ತಿಂದ ಆ ಪುಸ್ತಕಗಳ ಹೊಲಿಗೆ ನಾನೇ ಮಾಡ್ತೀನಿ," ಎಂದ. ನಾಲ್ಕು ದಿನ ಮಾಡಿದ. ಅವನ ಹೊಲಿಗೆ ದಪ್ಪ, ದಾರ ಸಡಿಲ. ಐದನೆಯ ದಿನ ಪುಸ್ತಕಗಳು ತಾವಾಗಿ ಮಗಳ ಮೇಜಿಗೆ ಮರಳಿದವು. ಒಂಬತ್ತನೆಯ ಫಾರಮಿನ ಅಂಚಿನಲ್ಲಿ ಅಪ್ಪನ ಹೆಬ್ಬೆರಳಿನ ಗೋಂದಿನ ಗುರುತಿತ್ತು. ಹೊಲಿಯುವವನಿಗೆ ಪುಟದ ಆ ಜಾಗವನ್ನು ಮುಟ್ಟುವ ಕೆಲಸವಿಲ್ಲ. ಓದುವವನು ಪುಟ ತಿರುಗಿಸುವುದು ಅಲ್ಲಿಂದ.

ಗೋಂದು ಮಾವ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ. ಅಷ್ಟು ಹತ್ತಿರವೇ ಇದ್ದ; ಅಂಗಡಿಯಿಂದ ನಾಲ್ಕನೆಯ ನಿಲ್ದಾಣ. ದಬ್ಬಳ ಹೋದಾಗ ಅವನು ರಬ್ಬರ್ ಬೂಟು ಹಾಕಿ ಬಸ್ಸಿನ ಗಾಜಿಗೆ ಪೈಪು ಹಿಡಿದಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ನೋಡಿ ಪೈಪು ಬದಿಗೆ ತಿರುಗಿಸಿದ.

"ಅಕ್ಕನ ಮಗಳಲ್ವಾ? ನಿಮ್ಮಜ್ಜಿ ಮೂಗು ಅಂಟಿಸ್ಕೊಂಡು ಬಂದಿದ್ದೀಯ."

"ನಾನು ನಿನ್ನನ್ನ ಏನಂತ ಕರೀತಿದ್ದೆ?"

ಅವನು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡ. "ಗೋಂದು ಅಂತ. ಈಗ ನೋಡು, ಹತ್ತೊಂಬತ್ತು ವರ್ಷ ಸೋಪಿನ ನೀರಲ್ಲಿ ತೊಳೆದಿದ್ದೀನಿ. ಇನ್ನೇನೂ ಅಂಟಲ್ಲ."

ಬಸ್ಸಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಅವಳು ನೇರವಾಗಿ ಕೇಳಿದಳು, "ಯಾಕೆ ಒಪ್ಪಿಕೊಂಡೆ?"

"ಎಲ್ಲಿ ಒಪ್ಪಿಕೊಂಡೆ? ಎರಡು ದಿನ ಹೊಡೆದರು, ಇಲ್ಲ ಅಂದೆ. ಮೂರನೇ ದಿನ, ಮಗೂನ ಇಲ್ಲಿಗೆ ಕರೆಸ್ತೀವಿ, ನಿನ್ನೆದುರೇ ಹೇಳಿಸ್ತೀವಿ ಅಂದರು. ನಾನಿದ್ದ ಸ್ಥಿತೀಲಿ ನೀನು ನನ್ನ ನೋಡೋದು ಬೇಡ ಅನ್ನಿಸ್ತು. 'ಬೇಡ' ಅಂದೆ. ಹೆದರಿಕೊಂಡ, ಒಪ್ಪಿಕೊಂಡ ಅಂತ ಬರೆದುಕೊಂಡರು. ಸಹಿ ಹಾಕು ಅಂದರು. ಹಾಕಿದೆ."

ದಬ್ಬಳ ಕೆಳಗೆ ಹರಿಯುತ್ತಿದ್ದ ಸೋಪಿನ ನೀರು ನೋಡಿದಳು. ತಾನು ಹೇಳಿದ್ದು 'ಮಾವ', ಅವನು ಹೇಳಿದ್ದು 'ಬೇಡ'. ಎರಡು ಪದಕ್ಕೆ ಆರು ತಿಂಗಳು.

"ಮನೆಗೆ ಬಾ. ಭಾನುವಾರ ಊಟಕ್ಕೆ."

"ಯಾರು ಕರೀತಿದ್ದಾರೆ?"

"ನಾನು."

"ನೀನು ಆಗ ಆರು ವರ್ಷದವಳು. ನಿನ್ನ ಮೇಲೆ ನಂಗೆ ಯಾವತ್ತೂ ಏನಿಲ್ಲ. ನಿಮ್ಮಪ್ಪನ ಮೇಲೂ ಸಿಟ್ಟು ಇಳಿದುಹೋಗಿದೆ. ಗೊತ್ತಿಲ್ಲದೆ ಮಾಡಿದ." ಅವನು ಬೂಟಿನೊಳಗಿನ ನೀರು ಚೆಲ್ಲಿದ. "ಗೊತ್ತಿದ್ದವಳು ಒಬ್ಬಳಿದ್ದಳು. ಅವಳು ಒಂದು ಸಲ ಈ ಗೇಟಿಗೆ ಬಂದು ನಿಲ್ಲಲಿಲ್ಲ. ಅವಳು ಕರೆದರೆ ನೋಡೋಣ."

ದಬ್ಬಳ ಈ ಮಾತನ್ನು ಒಂದಕ್ಷರ ಬಿಡದೆ ಮನೆಗೆ ಹೊತ್ತು ತಂದು ಅಡುಗೆಮನೆಯಲ್ಲಿ ಇಳಿಸಿದಳು. ಅಮ್ಮ ಕೇಳಿಸಿಕೊಂಡಳು, ಬೇಳೆಗೆ ಉಪ್ಪು ಹಾಕಿದಳು, ಎರಡನೆಯ ಸಲವೂ ಹಾಕಿದಳು. ಆ ದಿನ ಯಾರಿಗೂ ಊಟ ಮಾಡಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಇಪ್ಪತ್ತೆರಡು ಪುಸ್ತಕಗಳು ಪ್ರೆಸ್ಸಿನಿಂದ ಹೊರಬಂದವು. ಬೈಂಡರ್ ಖುಷಿಯಲ್ಲಿದ್ದ. "ನಾಳೆ ಭಾವ, ತಂಗಿ ಊಟಕ್ಕೆ ಬರ್ತಿದ್ದಾರೆ. ಮುಂದಿನ ಲೋಡು ನೂರು ಪುಸ್ತಕವಂತೆ. ಮಾತುಕತೆ ಅವರ ಮೂಲಕವೇ," ಎಂದು ಪರದೆಯ ಕಡೆ ಕೂಗಿ ಹೇಳಿದ. ಪರದೆಯ ಹಿಂದಿನಿಂದ ಅಮ್ಮ ಹೊರಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕೈಯಲ್ಲಿ ಛತ್ರಿ ಇತ್ತು.

"ನಾನು ಡಿಪೋ ಕಡೆ ಹೋಗಿ ಬರ್ತೀನಿ."

"ಡಿಪೋದಲ್ಲಿ ಏನಿದೆ?"

"ನನ್ನ ತಮ್ಮ ಇದ್ದಾನೆ."

ಯಂತ್ರದ ಹಿಡಿ ಅರ್ಧಕ್ಕೆ ನಿಂತಿತು. "ನಾಳೆ ಭಾವ ಬರ್ತಿರೋದು ಗೊತ್ತಿದ್ದೂ? ಇದು ನನ್ನ ಮನೆ."

"ಆಗಲಿ. ಅಡುಗೆಮನೆ ಯಾರದು ಅಂತ ನಾಳೆ ಮಧ್ಯಾಹ್ನ ಗೊತ್ತಾಗುತ್ತೆ. ಅವನಿಗೆ ತಟ್ಟೆ ಇಲ್ಲ ಅಂದ್ರೆ ಯಾರಿಗೂ ಇಲ್ಲ."

ಬೈಂಡರ್ ತಾಯಿಯನ್ನು ನೋಡಿದ. ಅಜ್ಜಿ ಹಾಳೆ ಮಡಿಸುತ್ತಿದ್ದಳು. ಅಂಚಿಗೆ ಅಂಚು ಕೂಡಿರಲಿಲ್ಲ. ಅವಳು ಬೆರಳಿನಿಂದ ಅದನ್ನು ಮುಟ್ಟಿ ನೋಡಿ, ಬಿಚ್ಚಿ, ಮತ್ತೆ ಮಡಿಸಿದಳು. ಅಮ್ಮ ಛತ್ರಿ ಬಿಚ್ಚಿಕೊಂಡು ರಸ್ತೆಗೆ ಇಳಿದಳು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ಅವಳು ಎರಡು ಗಂಟೆ ಬಿಟ್ಟು ಬಂದಳು. ಏನಾಯಿತು ಎಂದು ದಬ್ಬಳ ಕೇಳಿದಳು.

"ಬೈದ."

"ಆಮೇಲೆ?"

"ಇನ್ನೂ ಬೈದ. ಆಮೇಲೆ ಚಹಾ ತರಿಸಿದ."

"ಬರ್ತಾನಂತಾ?"

"ಹೇಳ್ಲಿಲ್ಲ."

ಭಾನುವಾರ ಅಂಗಡಿಯ ಮೇಜುಗಳನ್ನು ಸರಿಸಿ ನೆಲದ ಮೇಲೆ ಚಾಪೆ ಹಾಸಿದರು. ಕಾಗದದ ಸಾಹುಕಾರರು, ಅತ್ತೆ ಹನ್ನೆರಡೂವರೆಗೆ ಬಂದರು. ಸಾಹುಕಾರರು ಹೊಸ ಬೈಂಡಿನ ಪುಸ್ತಕವೊಂದನ್ನು ಎತ್ತಿ, ಬೆನ್ನಿನ ಮೇಲಿನ ಚೀಟಿಯನ್ನು ಹೆಬ್ಬೆರಳಿನಿಂದ ಸವರಿದರು.

"ಕೆಲಸ ಚೆನ್ನಾಗಿದೆ. ಆದ್ರೂ ಚೀಟಿ ಚೀಟಿನೇ. ಚಿನ್ನದ ಅಕ್ಷರ ಇದ್ದಿದ್ರೆ ಕಾಲೇಜಿನೋರು ಕಣ್ಣಿಗೆ ಒತ್ತಿಕೊಳ್ತಿದ್ರು. ಆ ಕಳ್ಳ ನಿಮ್ಮ ಅಂಗಡಿ ಬೆನ್ನೇ ಮುರಿದ."

ಬೈಂಡರ್ ಪ್ರತಿ ಸಲ ಈ ಮಾತಿಗೆ ಹೌದು ಭಾವ ಎನ್ನುತ್ತಿದ್ದ. ಈ ಸಲ ನೀರಿನ ಲೋಟಗಳನ್ನು ಸಾಲಾಗಿ ಇಡುವುದರಲ್ಲಿ ಮಗ್ನನಾದ.

"ಏನೇ ಪುಟ್ಟಾ, ಈ ಪುಸ್ತಕಗಳೆಲ್ಲ ಏನಂತೆ?" ಎಂದಳು ಅತ್ತೆ.

"ಯಾರದೋ ತಪ್ಪಿಗೆ ಯಾರೋ ಜೈಲಿಗೆ ಹೋಗೋದು ಅತ್ತೆ."

"ಅಯ್ಯೋ, ಊಟದ ಹೊತ್ತಲ್ಲಿ."

ಅಜ್ಜಿಗೆ ಮಂಚದ ಮೇಲೇ ತಟ್ಟೆ ಕೊಟ್ಟರು. ಸಾಹುಕಾರರು, ಅತ್ತೆ, ಬೈಂಡರ್, ದಬ್ಬಳ ಕೂತರು. ಅಮ್ಮ ಬಡಿಸಿದಳು, ಐದು ತಟ್ಟೆಯಾದ ಮೇಲೂ ಒಂದು ಖಾಲಿ ತಟ್ಟೆ ಚಾಪೆಯ ತುದಿಯಲ್ಲಿತ್ತು.

"ಇದು ಯಾರಿಗೆ?" ಎಂದರು ಸಾಹುಕಾರರು.

ಅಮ್ಮ ಸಾರು ತರಲು ಪರದೆಯಾಚೆ ಹೋದಳು. ಸಾಹುಕಾರರು ನೂರು ಪುಸ್ತಕದ ವಿಷಯ ಶುರು ಮಾಡಿದರು. ಎರಡನೆಯ ಸಲ ಅನ್ನ ಬಡಿಸುವ ಹೊತ್ತಿಗೆ ಅಂಗಡಿಯ ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ದಬ್ಬಳ ಎದ್ದು ಹೋಗಿ ಅಗಳಿ ತೆಗೆದಳು. ಅವನು ನೀಲಿ ಅಂಗಿ ಹಾಕಿ ಬಂದಿದ್ದ. ಇಸ್ತ್ರಿಯ ಗೆರೆ ತೋಳಿನಲ್ಲಿ ನೆಟ್ಟಗಿತ್ತು. ಒಳಗೆ ಕೂತವರ ಕಡೆ ನೋಡದೆ ಮೂಲೆಯ ಪ್ರೆಸ್ಸನ್ನು ನೋಡುತ್ತ ನಿಂತ.

"ಯಾರೇ ಬಂದದ್ದು?" ಎಂದಳು ಅಜ್ಜಿ ಮಂಚದ ಮೇಲಿನಿಂದ.

ದಬ್ಬಳ ಬಾಗಿಲಲ್ಲೇ ನಿಂತು ಹೇಳಿದಳು, "ಮಾವ."

"ಮಾವ ಇಲ್ಲೇ ಕೂತಿದ್ದಾರಲ್ಲೇ." ಅಜ್ಜಿ ಮಂಜುಗಣ್ಣನ್ನು ಬಾಗಿಲ ಕಡೆ ತಿರುಗಿಸಿದಳು. "ಯಾವ ಮಾವ?"

ಅಮ್ಮನ ಕೈಯಲ್ಲಿ ಅನ್ನದ ಸೌಟು ಹಾಗೇ ನಿಂತಿತು. ಬೈಂಡರ್ ತಲೆ ಎತ್ತಲಿಲ್ಲ. ಅತ್ತೆ ಗಂಡನ ಮುಖ ನೋಡಿದಳು, ಅವರು ಅವಳನ್ನು ನೋಡಲಿಲ್ಲ.

ಅಜ್ಜಿಯ ತುಟಿ ಇನ್ನೊಮ್ಮೆ ಅಲುಗಿತು. ಅದೇ ಎರಡು ಪದ, ಈ ಸಲ ನಿಧಾನವಾಗಿ, ಯಾರನ್ನೂ ಕೇಳಿದ ಹಾಗಲ್ಲ. ಅವಳು ತಟ್ಟೆಯನ್ನು ಮಡಿಲಿನಿಂದ ಪಕ್ಕಕ್ಕಿಟ್ಟಳು.

ಕಾಗದದ ಸಾಹುಕಾರರು ಅರ್ಧ ಉಂಡ ತಟ್ಟೆಯಲ್ಲೇ ಕೈ ತೊಳೆಯಲು ನೀರಿನ ಲೋಟಕ್ಕೆ ಕೈ ಚಾಚಿದರು. ಲೋಟ ಬೈಂಡರನ ಬಳಿ ಇತ್ತು. ಅವನು ಅದನ್ನು ಅವರ ಕಡೆ ಸರಿಸಲಿಲ್ಲ. ಎತ್ತಿಕೊಂಡು ಎದ್ದು, ಬಾಗಿಲಿನವರೆಗೆ ನಡೆದು, ನೀಲಿ ಅಂಗಿಯವನ ಮುಂದೆ ಹಿಡಿದ.

"ಕೈ ತೊಳ್ಕೋ," ಎಂದ. "ಅನ್ನ ಆರುತ್ತೆ."